ಹೊತ್ತಲ್ಲದ ಹೊತ್ತಿನ ಊಟ

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಎರಡು ವರ್ಷಗಳ ಹಿಂದೆ ನಾನಾಡಿದ ಮಾತೊಂದನ್ನು ಇಂದು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಅವನೆದುರು ಈಗಾಗಲೇ ತೆಗೆದುಕೊಂಡಿದ್ದೇನೆ. ಆದರೆ ಆ ಮಾತನ್ನು ನಾನು ಆಡಿದ್ದು ಮದುವೆ ಮನೆಯಲ್ಲಿ, ನಾಲ್ಕು ಜನರ ಮುಂದೆ. ಆದುದರಿಂದ ನೀವು ನಾಲ್ಕು ಜನ ಓದುವಲ್ಲಿಯೂ ಅದನ್ನು ಒಪ್ಪಿಕೊಳ್ಳುವುದು ನ್ಯಾಯವೆಂದು ನನಗೆ ತೋರಿತು.

ಅವನು ನನ್ನ ಕೈಯಲ್ಲಿ ಹತ್ತನೆಯ ತರಗತಿ ಓದಿ, ಐಟಿಐ ಮುಗಿಸಿ, ತೋರಣಗಲ್ಲಿನ ಸುತ್ತಮುತ್ತಲ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾನೆ. ಯಾವ ಕಾರ್ಖಾನೆ ಎಂಬುದು ಇಲ್ಲಿ ಮುಖ್ಯವಲ್ಲ. ಶಾಲೆಯಲ್ಲಿದ್ದಾಗ ಕಬಡ್ಡಿ ತಂಡದ ಹುಡುಗ, ಒಣಗಿದ ಜಾಲಿ ಕಡ್ಡಿಯಂತಿದ್ದವನು. ಆ ದಿನ ಕಾಲಿಗೆ ನಮಸ್ಕರಿಸಲು ಬಗ್ಗಿದಾಗ ಹೊಟ್ಟೆ ಅಡ್ಡ ಬಂತು. "ಶುಗರ್ ಬಂದೈತಿ ಸಾರ್" ಎಂದ. ಇನ್ನೂ ನಲವತ್ತು ತುಂಬಿರಲಿಲ್ಲ. ಊಟ ತಿಂಡಿಯ ಬಗ್ಗೆ ವಿಚಾರಿಸಿದೆ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಅನ್ನ ಸಾರು ಉಣ್ಣುತ್ತೇನೆಂದೂ ನಾಲ್ಕು ಗಂಟೆಗೆ ಚಹದೊಂದಿಗೆ ಮಿರ್ಚಿಯೋ ಬಿಸ್ಕತ್ತೋ ಇರುತ್ತದೆಂದೂ ಹೇಳಿದ. ನಾನು ಮೇಷ್ಟ್ರಲ್ಲವೇ! "ನಾಲಗೆ ಹಿಡಿತದಲ್ಲಿಲ್ಲದವನಿಗೆ ಡಾಕ್ಟರು ಏನು ಮಾಡಿಯಾರು? ನಡುರಾತ್ರಿ ಉಣ್ಣುವವನು ಮನುಷ್ಯನೋ ಭೂತವೋ?" ಎಂದುಬಿಟ್ಟೆ. ಸುತ್ತಲಿದ್ದವರು ನಕ್ಕರು. ಅವನೂ ನಕ್ಕ. ನಕ್ಕು, "ಏನ್ ಮಾಡ್ಲಿ ಸಾರ್, ಆ ಹೊತ್ತಿಗೆ ಹೊಟ್ಟಿ ಕೇಳ್ತೈತಿ" ಎಂದ.

ಆ ಉತ್ತರ ಸರಿಯಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ವಿಜ್ಞಾನ ಪಾಠ ಮಾಡಿದ ನನಗೇ ಅದು ಸರಿಯೆಂದು ತಿಳಿಯಲಿಲ್ಲ.

ನಮ್ಮ ವಡ್ಡು ಗ್ರಾಮ ಸಂಡೂರು ತಾಲ್ಲೂಕಿಗೆ ಸೇರಿದ್ದು. ತೋರಣಗಲ್ಲು ಇಲ್ಲಿಗೆ ಹತ್ತಿರ. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದಾಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಕಲ್ಲು ಬಹಳ ಕಾಲ ಕಲ್ಲಾಗಿಯೇ ಉಳಿಯಿತು. 1994ರಲ್ಲಿ ಖಾಸಗಿ ಕಂಪನಿ ಸ್ಥಾಪನೆಯಾಗಿ, ಆ ದಶಕದ ಕೊನೆಯ ವರ್ಷಗಳಲ್ಲಿ ಉತ್ಪಾದನೆ ಶುರುವಾಯಿತು. ಕುಲುಮೆಗೆ ಹಗಲು ರಾತ್ರಿಯೆಂಬುದಿಲ್ಲ. ಒಮ್ಮೆ ಹೊತ್ತಿಸಿದರೆ ಉರಿಯುತ್ತಲೇ ಇರಬೇಕು. ಹೀಗಾಗಿ ನಮ್ಮೂರಿನ ಮನೆಗಳಿಗೂ ಎ ಶಿಫ್ಟ್, ಬಿ ಶಿಫ್ಟ್, ಸಿ ಶಿಫ್ಟ್‌ಗಳು ಬಂದವು. ಬೆಳಗಿನ ಆರರಿಂದ ಎರಡು, ಎರಡರಿಂದ ರಾತ್ರಿ ಹತ್ತು, ಹತ್ತರಿಂದ ಮರುದಿನ ಆರು. ಒಂದೇ ಓಣಿಯಲ್ಲಿ ಒಬ್ಬರು ಏಳುವ ಹೊತ್ತಿಗೆ ಮತ್ತೊಬ್ಬರು ಮಲಗುತ್ತಾರೆ.

ನನ್ನ ಬಾಲ್ಯದಲ್ಲಿ ಊರಿಗೆಲ್ಲ ಒಂದೇ ಪಾಳಿ. ಕೋಳಿ ಕೂಗುವಾಗ ಏಳುವುದು, ತಂಗಳು ರೊಟ್ಟಿಗೆ ಗುರೆಳ್ಳು ಪುಡಿ ಹಚ್ಚಿಕೊಂಡು ತಿನ್ನುವುದು, ಮಧ್ಯಾಹ್ನ ಹೊಲಕ್ಕೆ ಬುತ್ತಿ, ದೀಪ ಹಚ್ಚುವ ಹೊತ್ತಿಗೆ ಬಿಸಿ ರೊಟ್ಟಿ ಅಥವಾ ಸಂಗಟಿ. ಬೇಗ ಉಣ್ಣುತ್ತಿದ್ದುದು ಆರೋಗ್ಯಶಾಸ್ತ್ರ ತಿಳಿದಿದ್ದರಿಂದಲ್ಲ, ಸೀಮೆಎಣ್ಣೆ ಉಳಿಸಲು! ನಮ್ಮ ಅವ್ವ ಬುಡ್ಡಿಯ ಬತ್ತಿಯನ್ನು ಸಣ್ಣದು ಮಾಡಿ "ಲಗೂನ ಉಣ್ರಿ, ದೀಪ ಕಳೀಬೇಕು" ಎನ್ನುತ್ತಿದ್ದಳು. ಎಂಟು ಗಂಟೆಗೆಲ್ಲ ಊರು ಮಲಗುತ್ತಿತ್ತು. ಆ ಕಾಲವನ್ನು ನಾನು ಹೊಗಳುತ್ತಿದ್ದೇನೆಂದು ತಿಳಿಯಬೇಡಿ. ಬರದ ವರ್ಷಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಒಲೆಯ ಮೇಲೆ ಏನೂ ಇಲ್ಲದ ದಿನಗಳನ್ನೂ ನೋಡಿದ್ದೇನೆ.

ಇನ್ನು ವಿಜ್ಞಾನದ ಮಾತಿಗೆ ಬರುತ್ತೇನೆ. ನಮ್ಮ ಶಾಲೆಯ ಹಿಂದಿದ್ದ ಹುಣಸೆ ಮರವನ್ನು ನೀವು ಮರೆತಿರಲಾರಿರಿ. ಕಾಯಿ ಕದ್ದವರಂತೂ ಮರೆತಿರುವುದೇ ಇಲ್ಲ. ಹತ್ತನೆಯ ತರಗತಿಗೆ ಸಂಜೆಯ ವಿಶೇಷ ತರಗತಿ ನಡೆಯುವಾಗ ಅದರ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುವುದನ್ನು ನಾನು ತೋರಿಸುತ್ತಿದ್ದೆ. ಅಲೆಗ್ಸಾಂಡರನ ದಂಡಿನಲ್ಲಿದ್ದ ಗ್ರೀಕನೊಬ್ಬ ಇದನ್ನು ಇಂದಿನ ಬಹರೇನಿನಲ್ಲಿ ಕಂಡು ಬರೆದಿಟ್ಟನಂತೆ. "ಸೂರ್ಯ ಮುಳುಗಿದ್ದರಿಂದ ಎಲೆ ಮುಚ್ಚುತ್ತದೆ" ಎಂಬುದು ನನ್ನ ವಿವರಣೆ. ಅದು ಅರ್ಧ ಮಾತ್ರ ಸರಿ. 1729ರಷ್ಟು ಹಿಂದೆಯೇ ಫ್ರಾನ್ಸಿನ ದ ಮೆರಾನ್ ಎಂಬ ಖಗೋಳಶಾಸ್ತ್ರಜ್ಞ ಮುಟ್ಟಿದರೆ ಮುನಿಯಂಥ ಒಂದು ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದ. ಬೆಳಕೇ ಕಾಣದ ಗಿಡ ಬೆಳಗಾಗುತ್ತಲೇ ಎಲೆ ಬಿಚ್ಚಿತು, ಸಂಜೆಯಾಗುತ್ತಲೇ ಮುಚ್ಚಿತು. ಹೊರಗಿನ ಸೂರ್ಯನನ್ನು ನೋಡದೆಯೇ ಹೊತ್ತು ತಿಳಿಯುವ ವ್ಯವಸ್ಥೆಯೊಂದು ಗಿಡದೊಳಗೇ ಇದೆ ಎಂದಾಯಿತು.

ಅಂಥದೇ ಗಡಿಯಾರ ನಮ್ಮಲ್ಲಿಯೂ ಇದೆ. ಎರಡು ಕಣ್ಣುಗಳಿಂದ ಹೊರಟ ನರಗಳು ಮಿದುಳಿನ ತಳದಲ್ಲಿ ಒಂದನ್ನೊಂದು ದಾಟುವ ಎಡೆಯ ಮೇಲುಗಡೆ, ಹೈಪೋಥಲಾಮಸ್ಸಿನಲ್ಲಿ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗೊಂಚಲೊಂದಿದೆ. ಅದು ಮುಖ್ಯ ಗಡಿಯಾರ. ಅದರ ಸುತ್ತು 24 ಗಂಟೆಗಿಂತ ಕೊಂಚ ಹೆಚ್ಚು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ದಿನವೂ ಸರಿಹೊಂದುತ್ತದೆ. ಅದಲ್ಲದೆ ಯಕೃತ್ತು, ಮೇದೋಜೀರಕ ಗ್ರಂಥಿ, ಕರುಳು, ಕೊಬ್ಬಿನ ಅಂಗಾಂಶ, ಎಲ್ಲಕ್ಕೂ ತಮ್ಮ ತಮ್ಮ ಗಡಿಯಾರಗಳಿವೆ. ಮುಖ್ಯ ಗಡಿಯಾರ ಬೆಳಕನ್ನು ನೋಡಿದರೆ, ಯಕೃತ್ತಿನ ಗಡಿಯಾರ ನಾವು ಉಣ್ಣುವ ಹೊತ್ತನ್ನು ನೋಡುತ್ತದೆ. ಎರಡೂ ಒಂದೇ ಹೊತ್ತು ತೋರಿಸುವವರೆಗೆ ತೊಂದರೆಯಿಲ್ಲ. ಹಣ್ಣಿನ ನೊಣಗಳಲ್ಲಿ ಈ ಗಡಿಯಾರದ ವಂಶವಾಹಿಯನ್ನು 1984ರಲ್ಲಿ ಬೇರ್ಪಡಿಸಿ, ಅದು ನಡೆಯುವ ಬಗೆಯನ್ನು ಬಿಡಿಸಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕನ್ನರಿಗೆ 2017ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಬಂದಿತು. ನಾನು ಬಿ.ಎಡ್. ಮುಗಿಸಿದ ಕಾಲಕ್ಕೆ ಇದಾವುದೂ ಪಠ್ಯಪುಸ್ತಕದಲ್ಲಿರಲಿಲ್ಲ ಎಂಬುದು ನನಗಿರುವ ಸಣ್ಣ ಸಮಾಧಾನ.

ಹಸಿವೂ ಈ ಗಡಿಯಾರಕ್ಕೆ ಕಟ್ಟುಬಿದ್ದದ್ದು. ಒಂದು ದಿನದ ಪ್ರಸಂಗ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಗಂಟೆ ಬಾರಿಸುವ ಜವಾನ ಯಾವುದೋ ಕೆಲಸದ ಮೇಲೆ ಹೋಗಿ ಊಟದ ಗಂಟೆ ಬಾರಿಸಲಿಲ್ಲ. ತರಗತಿಯಲ್ಲಿ ಒಬ್ಬರ ಕೈಯಲ್ಲೂ ಗಡಿಯಾರವಿಲ್ಲ. ನನ್ನದು ದುರಸ್ತಿಗೆ ಹೋಗಿತ್ತು. ನಾನು ಕರಿಹಲಗೆಯತ್ತ ತಿರುಗಿ ಬರೆಯುತ್ತಿದ್ದಂತೆಯೇ ಬೆನ್ನ ಹಿಂದೆ ಡಬ್ಬಿಗಳ ಸದ್ದು ಆರಂಭವಾಯಿತು. ಗದರಿಸಿ ಪಾಠ ಮುಂದುವರಿಸಿದೆ. ಕಚೇರಿಗೆ ಹೋಗಿ ನೋಡಿದರೆ ಊಟದ ಹೊತ್ತು ದಾಟಿ ಹತ್ತು ನಿಮಿಷವಾಗಿತ್ತು. ಮಕ್ಕಳ ಹೊಟ್ಟೆ ನನಗಿಂತ ಚೆನ್ನಾಗಿ ಹೊತ್ತು ಬಲ್ಲುದಾಗಿತ್ತು!

ಹಾಗೆ ಬಾರಿಸುವ ಗಂಟೆಯ ಹೆಸರು ಗ್ರೆಲಿನ್. 1999ರಲ್ಲಿ ಕೊಜಿಮಾ, ಕಂಗಾವಾ ಎಂಬ ಜಪಾನಿನ ವಿಜ್ಞಾನಿಗಳು ಕಂಡುಹಿಡಿದ ಈ ಹಾರ್ಮೋನು ಬಹುಪಾಲು ಜಠರದಿಂದಲೇ ಹೊರಟು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುತ್ತದೆ. ಹೊಟ್ಟೆ ಖಾಲಿಯಾದಾಗ ಮಾತ್ರ ಏರುವುದಲ್ಲ ಇದು. ದಿನವೂ ಉಣ್ಣುವ ಹೊತ್ತು ಹತ್ತಿರವಾದಾಗ ಮುಂಚಿತವಾಗಿಯೇ ಏರುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಆ ಹೊತ್ತಿಗೆ ಉಣ್ಣದಿದ್ದರೆ ಕೊಂಚ ಸಮಯದಲ್ಲಿ ತಾನಾಗಿ ಇಳಿಯುತ್ತದೆ. ಏಕಾದಶಿ ಮಾಡುವವರನ್ನೋ ರೋಜಾ ಇರುವವರನ್ನೋ ಕೇಳಿ ನೋಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗಿ, ಮೂರು ಗಂಟೆಗೆ ಏನೂ ಆಗಿಯೇ ಇಲ್ಲವೆಂಬಂತೆ ತಣ್ಣಗಾಗುತ್ತದೆ ಎನ್ನುತ್ತಾರೆ. ನನ್ನ ವಿದ್ಯಾರ್ಥಿ ವರ್ಷಗಳ ಕಾಲ ರಾತ್ರಿ ಎರಡಕ್ಕೆ ಉಂಡವನು. ಅವನ ಜಠರ ಆ ಹೊತ್ತಿಗೆ ಗಂಟೆ ಬಾರಿಸಲು ಕಲಿತಿತ್ತು. "ಹೊಟ್ಟಿ ಕೇಳ್ತೈತಿ" ಎಂದರೆ ಇದೇ.

ಗ್ರೆಲಿನ್ನಿಗೆ ಎದುರಾಳಿ ಲೆಪ್ಟಿನ್, 1994ರಲ್ಲಿ ಪತ್ತೆಯಾದದ್ದು. ಕೊಬ್ಬಿನ ಅಂಗಾಂಶದಿಂದ ಬರುವ ಇದು ಮಿದುಳಿಗೆ "ಕೂಡಿಟ್ಟದ್ದು ಸಾಕಷ್ಟಿದೆ" ಎಂದು ತಿಳಿಸುತ್ತದೆ. ರಾತ್ರಿ ಅದರ ಮಟ್ಟ ಏರುತ್ತದೆ. ಎಂಟು ಗಂಟೆ ಉಪವಾಸವಿದ್ದರೂ ನಾವು ಹಸಿವಿನಿಂದ ಎಚ್ಚರಗೊಳ್ಳದೆ ನಿದ್ರಿಸುವುದಕ್ಕೆ ಅದೂ ಒಂದು ಕಾರಣ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 12 ಜನರನ್ನು ಹಗಲಿರುಳು ತಿಳಿಯದ ಮಂದ ಬೆಳಕಿನಲ್ಲಿಟ್ಟು ನೋಡಿದಾಗ, ದೇಹದ ಗಡಿಯಾರದ ಪ್ರಕಾರ ಹಸಿವು ಅತ್ಯಂತ ಕಡಿಮೆಯಿದ್ದುದು ಬೆಳಗಿನ 8ರ ಸುಮಾರಿಗೆ, ಅತಿ ಹೆಚ್ಚಿದ್ದುದು ರಾತ್ರಿ 8ರ ಸುಮಾರಿಗೆ. ಬೆಳಿಗ್ಗೆ ತಿಂಡಿ ಬೇಡವೆನ್ನುವ ಮಕ್ಕಳನ್ನು ಬೈಯುವ ತಾಯಂದಿರು ಇದನ್ನು ಗಮನಿಸಬೇಕು. (ತಿಂಡಿ ತಿನ್ನದೆ ಬಂದವರನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ ನಾನು ಮಾಡಿದ ಭಾಷಣಗಳಿಗೂ ಕ್ಷಮೆಯಿರಲಿ. ಹಾಗೆಯೇ ಊಟವಾದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ ತೂಕಡಿಸಿ ನನ್ನಿಂದ ಸೀಮೆಸುಣ್ಣದ ಏಟು ತಿಂದವರು: ಆ ಹೊತ್ತಿನ ಮಂಪರು ಊಟ ಮಾಡದಿದ್ದರೂ ಬರುತ್ತದಂತೆ. ಅದೂ ಗಡಿಯಾರದ್ದೇ ಕೆಲಸ.)

ಆದರೆ ಇಲ್ಲಿಯೇ ತೊಡಕು. ಹಸಿವು ಸಂಜೆ ಹೆಚ್ಚು. ಉಂಡದ್ದನ್ನು ನಿಭಾಯಿಸುವ ಶಕ್ತಿ ಬೆಳಿಗ್ಗೆ ಹೆಚ್ಚು. ಇನ್ಸುಲಿನ್ ಹಗಲಿನ ಮೊದಲ ಭಾಗದಲ್ಲಿ ಚುರುಕಾಗಿ ಕೆಲಸ ಮಾಡಿ, ಹೊತ್ತು ಇಳಿದಂತೆ ಮಂದವಾಗುತ್ತದೆ. ಕತ್ತಲಾದ ಮೇಲೆ ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಏರುತ್ತದೆ. ಅದು ಇನ್ಸುಲಿನ್ ಸ್ರವಿಕೆಯನ್ನು ತಗ್ಗಿಸಬಲ್ಲುದು. ಹೀಗಾಗಿ ಬೆಳಿಗ್ಗೆ ತಿಂದ ಎರಡು ರೊಟ್ಟಿಯೂ ನಡುರಾತ್ರಿ ತಿಂದ ಅದೇ ಎರಡು ರೊಟ್ಟಿಯೂ ರಕ್ತದಲ್ಲಿ ಒಂದೇ ಲೆಕ್ಕವಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಲಾರಿ ಬಂದು ಸರಕು ಇಳಿಸಿದಂತೆ. ಚೀಲಗಳು ರಸ್ತೆಯಲ್ಲೇ ಉಳಿಯುತ್ತವೆ.

ಇದರ ಮೇಲೆ ನಿದ್ರೆಗೇಡು. ಷಿಕಾಗೋ ವಿಶ್ವವಿದ್ಯಾಲಯದವರು 12 ಜನ ಆರೋಗ್ಯವಂತ ತರುಣರನ್ನು ಎರಡು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಸಾಕಷ್ಟು ನಿದ್ರೆ ಮಾಡಿದಾಗಿನದಕ್ಕೆ ಹೋಲಿಸಿದರೆ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು, ಗ್ರೆಲಿನ್ ಶೇ. 28ರಷ್ಟು ಏರಿತ್ತು. ಅವರಿಗೆ ಬೇಕೆನಿಸಿದ್ದು ಸೊಪ್ಪು ತರಕಾರಿಯಲ್ಲ; ಸಿಹಿ, ಉಪ್ಪು ಹಾಕಿದ ಕುರುಕಲು, ಹಿಟ್ಟಿನ ಪದಾರ್ಥ. 2004ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗ ನನಗೆ ಬೆಳಗಿನ ಜಾವ ನಾಲ್ಕು ಗಂಟೆಯ ಆ ಮಿರ್ಚಿ ನೆನಪಾಯಿತು. ನಾನು ನಾಲಗೆಯ ಚಪಲವೆಂದು ಕರೆದದ್ದು ಎರಡು ಹಾರ್ಮೋನುಗಳ ಜಗ್ಗಾಟವಾಗಿತ್ತು. ಹಗಲು ಮಲಗೋಣವೆಂದರೆ ತಗಡಿನ ಸೂರಿನ ಕೆಳಗೆ ನಮ್ಮ ಬಳ್ಳಾರಿ ಸೀಮೆಯ ಬಿಸಿಲು, ಪಕ್ಕದ ಕೋಣೆಯಲ್ಲಿ ಟಿ.ವಿ., ಅಪ್ಪ ಮನೆಯಲ್ಲಿದ್ದಾನೆಂದು ಎದೆಯ ಮೇಲೆ ಹತ್ತುವ ಮಗಳು. ನಾಲ್ಕು ಗಂಟೆ ನಿದ್ರೆ ಸಿಕ್ಕರೆ ಅದೇ ದೊಡ್ಡದು.

ಇಷ್ಟನ್ನೆಲ್ಲ ನಾನು ಓದತೊಡಗಿದ್ದು ಅವನಿಗಾಗಿಯಲ್ಲ ಎಂಬುದನ್ನು ಸಂಕೋಚದಿಂದಲೇ ಹೇಳಬೇಕು. ಕಳೆದ ವರ್ಷ ನನ್ನ ಶ್ರೀಮತಿಗೂ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಹೊಸಪೇಟೆಯಲ್ಲಿ ವೈದ್ಯರು ವರದಿ ನೋಡಿ, "ಅಮ್ಮಾ, ರಾತ್ರಿ ಎಷ್ಟು ಹೊತ್ತಿಗೆ ಊಟ ಮಾಡ್ತೀರಿ?" ಎಂದು ಕೇಳಿದರು. ಆಕೆ ಉತ್ತರಿಸದೆ ನನ್ನ ಮುಖ ನೋಡಿದಳು. ನಾನು ಯೋಚಿಸಿದೆ. ಉತ್ತರ ನನಗೆ ಗೊತ್ತಿರಲಿಲ್ಲ! ಮೂವತ್ತೈದು ವರ್ಷಗಳಿಗೂ ಮೀರಿದ ಸಂಸಾರದಲ್ಲಿ ನನ್ನ ಹೆಂಡತಿ ಯಾವ ಹೊತ್ತಿಗೆ ಉಣ್ಣುತ್ತಾಳೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ. "ಹತ್ತೂವರಿ, ಹನ್ನೊಂದು ಆಗತೈತ್ರಿ" ಎಂದಳು ಮೆಲ್ಲಗೆ.

ಲೆಕ್ಕ ಹಾಕಿದರೆ ಹಾಗೆಯೇ ಆಗುತ್ತಿತ್ತು. ನಾನು ಸಂಜೆ ಮನೆಪಾಠ, ಉತ್ತರ ಪತ್ರಿಕೆ, ಆಮೇಲೆ ಕಟ್ಟೆಯ ಮೇಲಿನ ಹರಟೆ ಮುಗಿಸಿ ಬರುವುದು ಒಂಬತ್ತೂವರೆಗೆ. ಮಕ್ಕಳದಾಗಿ, ನಮ್ಮ ತಂದೆತಾಯಿಯರದಾಗಿ, ನನ್ನದಾಗಿ, ಒಲೆ ಸಾರಿಸಿ, ನಾಳೆಯ ಹಿಟ್ಟು ಜರಡಿ ಹಿಡಿದು, ಆಮೇಲೆ ಉಳಿದದ್ದನ್ನು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಆಕೆ ಉಣ್ಣುವುದು, ಉಂಡ ಅರ್ಧ ಗಂಟೆಯಲ್ಲಿ ಮಲಗುವುದು, ಐದಕ್ಕೆ ಏಳುವುದು. ನನ್ನ ಮನೆಯೊಳಗೇ ಒಂದು ಸಿ ಶಿಫ್ಟ್ ನಡೆಯುತ್ತಿತ್ತು. ನಾನು ಅದರ ಹಾಜರಿ ಪುಸ್ತಕ ತೆರೆದೇ ಇರಲಿಲ್ಲ. ಕಾಯಿಲೆಗೆ ತಡವಾದ ಊಟವೊಂದೇ ಕಾರಣವೆಂದು ನಾನು ಹೇಳಲಾರೆ. ಆಕೆಯ ತಾಯಿಗೂ ಸಕ್ಕರೆಯಿತ್ತು, ವಯಸ್ಸೂ ಆಗಿದೆ. ಆದರೆ ಹತ್ತೂವರೆಯ ಆ ಊಟ ಆಕೆಯ ಆಯ್ಕೆಯಾಗಿರಲಿಲ್ಲ. ಅದು ನನ್ನ ಹರಟೆಯ ಬಾಲವಾಗಿತ್ತು.

ಆದುದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುವವರಿಗೆ ನಾವು ಸಂಯಮದ ಉಪದೇಶ ಮಾಡುತ್ತೇವೆ. ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯನ್ನು ಹೇಳಿ ನಗುತ್ತೇವೆ. ಆ ಗಾದೆ ಎಷ್ಟು ಹೊತ್ತು ಎಂದು ಎಣಿಸುತ್ತದೆಯೇ ಹೊರತು ಯಾವ ಹೊತ್ತು, ಯಾರು ಕಾಯಿಸಿದ್ದರಿಂದ ಎಂದು ಕೇಳುವುದಿಲ್ಲ. ಬಹಳಷ್ಟು ಜನ ತಮ್ಮ ಊಟದ ಹೊತ್ತನ್ನು ತಾವು ಆರಿಸಿಕೊಂಡವರಲ್ಲ. ಅದನ್ನು ಪಾಳಿಯ ಪಟ್ಟಿ ಆರಿಸಿರುತ್ತದೆ, ಇಲ್ಲವೇ ಮನೆಯ ಗಂಡಸರು ಆರಿಸಿರುತ್ತಾರೆ. ಬದಲಾಗಬೇಕಾದವರು ಮೊದಲು ಆ ಆರಿಸುವವರು.

ಏನನ್ನಾದರೂ ಬದಲಿಸಲು ಸಾಧ್ಯವೇ ಎಂದರೆ, ಕೊಂಚಮಟ್ಟಿಗೆ ಸಾಧ್ಯ. 2021ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗವೊಂದರಲ್ಲಿ 19 ಜನ ಆರೋಗ್ಯವಂತರನ್ನು ರಾತ್ರಿ ಪಾಳಿಯವರಂತೆಯೇ ಎಚ್ಚರವಿರಿಸಿದರು. ಕೆಲವರು ರಾತ್ರಿಯೂ ಉಂಡರು, ಉಳಿದವರು ಹಗಲು ಮಾತ್ರ ಉಂಡರು. ರಾತ್ರಿ ಉಂಡವರ ರಕ್ತದ ಗ್ಲೂಕೋಸ್ ಸರಾಸರಿ ಶೇ. 6.4 ಏರಿತು; ಹಗಲು ಮಾತ್ರ ಉಂಡವರಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ನಿದ್ರೆಗೆಟ್ಟದ್ದು ಇಬ್ಬರೂ, ವ್ಯತ್ಯಾಸ ಊಟದ ಹೊತ್ತಿನದು. ಸಣ್ಣ ಪ್ರಯೋಗ, ನಿಜ. ಅದೂ ಪ್ರಯೋಗಾಲಯದ ತಂಪು ಕೋಣೆಯಲ್ಲಿ ನಡೆದದ್ದು.

ಇದನ್ನು ಹಿಡಿದುಕೊಂಡು ನಾನು ಆ ಹುಡುಗನ ಮನೆಗೆ ಹೋದೆ. (ನಲವತ್ತಾದರೂ ನನಗೆ ಅವನು ಹುಡುಗನೇ.) ಮೊದಲು ಮದುವೆ ಮನೆಯ ಮಾತಿಗೆ "ತಪ್ಪಾಯಿತಪ್ಪ" ಎಂದೆ. ಅವನು "ಬಿಡ್ರಿ ಸಾರ್, ನೀವು ಬೈದ್ರ ಏನಾಗತೈತಿ" ಎಂದು ಮುಖ ಆ ಕಡೆ ತಿರುಗಿಸಿದ. ಪ್ರಯೋಗದ ವಿಷಯ ವಿವರಿಸಿದೆ. ಗಮನವಿಟ್ಟು ಕೇಳಿ ಕೊನೆಗೆ ಹೇಳಿದ: "ಸಾರ್, ಅವ್ರು ಕುರ್ಚಿ ಮ್ಯಾಲ ಕುಂತು ಎಚ್ಚರ ಇದ್ದಿರಬೇಕು. ನಾನು ಸ್ಪ್ಯಾನರ್ ಹಿಡಿದು ಎಂಟು ತಾಸು ನಿಲ್ಲೋನು. ಖಾಲಿ ಹೊಟ್ಟಿಲೆ ತಲಿ ತಿರುಗಿ ಮಿಷಿನ್ ಮ್ಯಾಲ ಬಿದ್ರ?" ನನ್ನ ಬಳಿ ಉತ್ತರವಿರಲಿಲ್ಲ. ಅದರಲ್ಲೂ ಅವನು ಮಾತ್ರೆ ತೆಗೆದುಕೊಳ್ಳುವವನು. ಸಕ್ಕರೆ ಏಕಾಏಕಿ ಇಳಿದರೆ ಅದೂ ಅಪಾಯವೇ. ಇಬ್ಬರೂ ಕೂಡಿ ಅವನ ವೈದ್ಯರನ್ನು ಕಂಡೆವು. ಅವರು ಒಪ್ಪಿ ಹೇಳಿದ ಕ್ರಮ ಸರಳವಾದದ್ದು: ದೊಡ್ಡ ಊಟವನ್ನು ಪಾಳಿಗೆ ಹೊರಡುವ ಮುನ್ನ, ಆದಷ್ಟು ಬೇಗ ಮಾಡುವುದು, ನಡುರಾತ್ರಿಗೆ ಅನ್ನದ ಡಬ್ಬಿಯ ಬದಲು ಮಜ್ಜಿಗೆ, ಒಂದು ಹಿಡಿ ಹುರಿದ ಶೇಂಗಾ ಅಥವಾ ಮೊಳಕೆ ಕಾಳು, ಬೆಳಿಗ್ಗೆ ಮನೆಗೆ ಬಂದು ಅರೆಹೊಟ್ಟೆ ತಿಂದು ಮಲಗುವುದು, ಮಾತ್ರೆಯ ಹೊತ್ತನ್ನು ಅವರನ್ನು ಕೇಳದೆ ಬದಲಿಸದಿರುವುದು. ನನ್ನ ಓದುಗರಲ್ಲಿ ಪಾಳಿಯವರೂ ಸಕ್ಕರೆಯವರೂ ಬಹಳ ಮಂದಿಯಿದ್ದೀರಿ. ಇದು ಅವನೊಬ್ಬನಿಗೆ ಹೇಳಿದ ಕ್ರಮ. ನಿಮ್ಮದನ್ನು ನಿಮ್ಮ ವೈದ್ಯರನ್ನೇ ಕೇಳಿಕೊಳ್ಳಿ.

ಆದರೆ ವಾರಕ್ಕೊಮ್ಮೆ ಪಾಳಿ ಬದಲಾಗುವುದಕ್ಕೆ ಅವನೂ ನಾನೂ ವೈದ್ಯರೂ ಏನು ಮಾಡಬಲ್ಲೆವು? ದೇಹದ ಗಡಿಯಾರದ ಮುಳ್ಳನ್ನು ಕೈಯಿಂದ ತಿರುಗಿಸಲಾಗದು; ರಾತ್ರಿಗೆ ಅದು ಹೊಂದಿಕೊಳ್ಳಲು ಹವಣಿಸುತ್ತಿರುವಾಗಲೇ ಮುಂದಿನ ವಾರದ ಪಟ್ಟಿ ಬಂದಿರುತ್ತದೆ. ಕುಲುಮೆ ಆರಿಸಲಾಗದು ಎಂಬುದನ್ನು ನಾನು ಬಲ್ಲೆ. ಆ ಕುಲುಮೆಯಿಂದಲೇ ನಮ್ಮೂರಿನ ಎಷ್ಟೋ ಮಕ್ಕಳು ಇಂಜಿನಿಯರಿಂಗ್ ಓದಿದ್ದಾರೆ. ಆದರೆ ರಾತ್ರಿ ಎರಡು ಗಂಟೆಗೆ ಕ್ಯಾಂಟೀನಿನ ತಟ್ಟೆಯಲ್ಲಿ ಏನಿರಬೇಕೆಂಬುದನ್ನು, ಪಾಳಿಯ ಪಟ್ಟಿ ಯಾವ ಕ್ರಮದಲ್ಲಿ ತಿರುಗಬೇಕೆಂಬುದನ್ನು ತೀರ್ಮಾನಿಸುವ ಹುದ್ದೆಗಳಲ್ಲಿ ಈಗ ನನ್ನ ವಿದ್ಯಾರ್ಥಿಗಳೇ ಕೆಲವರಿದ್ದೀರಿ. ನಿಮಗೇ ಬರೆಯುತ್ತಿದ್ದೇನೆ. ರಾತ್ರಿಯ ತಟ್ಟೆಯಲ್ಲಿ ಅನ್ನದ ಗುಡ್ಡೆಯ ಜೊತೆಗೆ ಕಾಳು, ಮೊಟ್ಟೆ, ಮಜ್ಜಿಗೆಯನ್ನೂ ಇಡಿಸಲು ಎಷ್ಟು ಖರ್ಚಾದೀತು? ಲೆಕ್ಕ ಹಾಕಿ ನನಗೆ ತಿಳಿಸಿ.

ನಮ್ಮ ಮನೆಯಲ್ಲಿ ಈಗ ಏಳೂಕಾಲಕ್ಕೆ ಊಟ. ಕಟ್ಟೆಯ ಹರಟೆಯನ್ನು ನಾನು ಊಟದ ನಂತರಕ್ಕೆ ಹಾಕಿದ್ದೇನೆ. ಗೆಳೆಯರು ಗೇಲಿ ಮಾಡುತ್ತಾರೆ. ಇಬ್ಬರೂ ಒಟ್ಟಿಗೆ ಕುಳಿತುಕೊಳ್ಳುತ್ತೇವೆ. ಮೊದಮೊದಲು ಆಕೆಗೆ ತುತ್ತು ಇಳಿಯಲಿಲ್ಲ. "ಈ ಹೊತ್ತಿಗೆ ಹಸಿವು ಇಲ್ಲ, ನಿಮ್ಮ ಮುಂದ ಕುಂತು ಉಣ್ಣಾಕ ಒಂಥರಾ ಆಗತೈತಿ" ಎಂದು ಎದ್ದುಬಿಡುತ್ತಿದ್ದಳು. ಹತ್ತೂವರೆಗೆ ಮಾತ್ರ ಹಸಿವು ತಪ್ಪದೆ ಬರುತ್ತಿತ್ತು. ಆಗ ಅರ್ಧ ಲೋಟ ಮಜ್ಜಿಗೆ ಕುಡಿದು ಮಲಗುವುದು. ಸುಮಾರು ಮೂರು ವಾರ ಹೀಗೆಯೇ ನಡೆಯಿತು. ಆಮೇಲೊಂದು ದಿನ ಏಳು ಗಂಟೆಗೆ ನಾನಿನ್ನೂ ಪತ್ರಿಕೆ ಹಿಡಿದು ಕುಳಿತಿರುವಾಗ ಅಡುಗೆಮನೆಯಿಂದ, "ಏಳ್ರಿ, ನನಗ ಹಸಿವು ಆಗೈತಿ" ಎಂದು ಕರೆದಳು. ಮದುವೆಯಾದಾಗಿನಿಂದ ಆಕೆಯ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ.

ಹುಡುಗನ ಸಕ್ಕರೆ ಇಳಿಯಿತೇ ಎಂದು ಕೇಳುವಿರಿ. ಒಮ್ಮೆ ಇಳಿದಿದೆ, ಒಮ್ಮೆ ಏರಿದೆ. ಮಿರ್ಚಿ ಪೂರ್ತಿಯಾಗಿ ಬಿಟ್ಟಿಲ್ಲವೆಂದು ಅವನೇ ಹೇಳಿದ. ನಾನು ಬೈಯಲಿಲ್ಲ. ಈ ವಾರ ಅವನಿಗೆ ಎ ಶಿಫ್ಟ್. ನಿನ್ನೆ ಫೋನ್ ಮಾಡಿ, "ಐತವಾರ ಸಂಜೀಕ ಹೆಂಡ್ತಿ ಮಗಳ್ನ ಕರ್ಕೊಂಡು ಬರ್ತೀನಿ ಸಾರ್, ಅಮ್ಮಾರಿಗೆ ಹೇಳ್ರಿ, ಏಳರೊಳಗ ರೊಟ್ಟಿ ಆಗ್ಬೇಕು" ಎಂದಿದ್ದಾನೆ. ಅಮ್ಮಾರು ಜೋಳದ ಹಿಟ್ಟು ಬೀಸಿಸಿಕೊಂಡು ಬರಲು ಈಗಷ್ಟೇ ನನ್ನನ್ನು ಗಿರಣಿಗೆ ಅಟ್ಟುತ್ತಿದ್ದಾರೆ.